ಟೆಲಿಸ್ಕೋಪಿನಲ್ಲಿ ಚಿತ್ರ ಮಸುಕಾ? ದೋಷ ಎಲ್ಲಿದೆ ಅಂತ ನಕ್ಷತ್ರವನ್ನೇ ಕೇಳಿ

ಹೊಸದಾಗಿ ಟೆಲಿಸ್ಕೋಪ್ ಕೊಂಡವರು ಪದೇ ಪದೇ ಹೇಳುವ ಮಾತು ಇದು: "ಗುರು ಗ್ರಹ ಬರೀ ಮಸುಕು ಮಸುಕು, ಕನ್ನಡಿ ಕೆಟ್ಟಿರಬೇಕು." ಕನ್ನಡಿಯೋ ಲೆನ್ಸೋ ನಿಜವಾಗಿ ಕೆಟ್ಟಿರುವುದು ಬಹಳ ಅಪರೂಪ. ಕಾರಣ ಗಾಳಿ ಇರಬಹುದು, ಇಬ್ಬನಿ ಇರಬಹುದು, ಇನ್ನೂ ತಣ್ಣಗಾಗದ ಕನ್ನಡಿ ಇರಬಹುದು, ಅಲುಗಾಡುವ ಸ್ಟ್ಯಾಂಡ್ ಅಥವಾ ತಪ್ಪು ಐಪೀಸ್ (ಕಣ್ಣಿಟ್ಟು ನೋಡುವ ಸಣ್ಣ ಲೆನ್ಸ್) ಇರಬಹುದು. ಮೊದಲ ನೋಟಕ್ಕೆ ಇವೆಲ್ಲ ಒಂದೇ ಥರ ಮಸುಕು. ಒಂದರಿಂದ ಒಂದನ್ನು ಬೇರೆ ಮಾಡಿ ತೋರಿಸುವ ಸಾಧನ ತಲೆಯ ಮೇಲೇ ಇದೆ. ನಕ್ಷತ್ರ ಎಷ್ಟು ದೂರ ಇದೆ ಅಂದರೆ, ಟೆಲಿಸ್ಕೋಪಿನ ಪಾಲಿಗೆ ಅದು ಬರೀ ಒಂದು ಚುಕ್ಕೆ. ಆ ಚುಕ್ಕೆ ಯಾವ ಆಕಾರಕ್ಕೆ ತಿರುಗಿದೆ ಅಂತ ನೋಡಿದರೆ ದೋಷ ಯಾವುದು ಅಂತ ಗೊತ್ತಾಗುತ್ತದೆ.

ದೊಡ್ಡವರ ದಾರಿಯೂ ಇದೇ. 1990ರಲ್ಲಿ ಹಬಲ್ ದೂರದರ್ಶಕ ಬಾಹ್ಯಾಕಾಶಕ್ಕೆ ಹೋದ ಮೇಲೆ ನಕ್ಷತ್ರಗಳ ಸುತ್ತ ಮಂಕು ಬೆಳಕು ಹರಡಿಕೊಂಡಿತ್ತು. ಆ ಚಿತ್ರಗಳನ್ನೇ ಅಳೆದು ನೋಡಿ, ಅದರ ಮುಖ್ಯ ಕನ್ನಡಿಯ ಅಂಚು ಸುಮಾರು 2.2 ಮೈಕ್ರಾನ್‌ನಷ್ಟು ಹೆಚ್ಚು ಚಪ್ಪಟೆಯಾಗಿದೆ ಅಂತ ಕಂಡುಕೊಂಡರು. 1993ರ ಡಿಸೆಂಬರ್‌ನಲ್ಲಿ ಗಗನಯಾತ್ರಿಗಳು ಹೋಗಿ ಸರಿಪಡಿಸುವ ಕನ್ನಡಿಗಳನ್ನು ಜೋಡಿಸಿ ಬಂದರು.

ಶುರು ಮಾಡುವ ಮೊದಲು ಒಂದೇ ನಿಯಮ. ಒಂದು ಸಲಕ್ಕೆ ಒಂದೇ ವಸ್ತುವನ್ನು ಬದಲಾಯಿಸಿ, ನೋಡಿ, ಬರೆದಿಟ್ಟುಕೊಳ್ಳಿ. ಐಪೀಸ್ ಬದಲಿಸಿ, ಜೊತೆಗೆ ಸ್ಕ್ರೂ ತಿರುಗಿಸಿ, ಜಾಗವನ್ನೂ ಬದಲಿಸಿದರೆ ಚಿತ್ರ ಸರಿಹೋಗಬಹುದು. ಆದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ, ಮುಂದಿನ ವಾರ ಅದೇ ತೊಂದರೆ ಮತ್ತೆ ಬರುತ್ತದೆ.

ಏನೂ ಕಾಣುತ್ತಿಲ್ಲ

ಹೆಚ್ಚಿನ ಸಲ ಇದು ಫೈಂಡರಿನ, ಅಂದರೆ ಗುರಿ ಹುಡುಕಲು ಕೊಳವೆಯ ಮೇಲೆ ಕೂರಿಸಿರುವ ಸಣ್ಣ ದರ್ಶಕದ ತೊಂದರೆ. ಫೈಂಡರ್ ಒಂದು ಕಡೆ, ಟೆಲಿಸ್ಕೋಪ್ ಇನ್ನೊಂದು ಕಡೆ ನೋಡುತ್ತಿರುತ್ತದೆ. ಇದನ್ನು ಕತ್ತಲಲ್ಲಿ ಸರಿಮಾಡಲು ಹೋಗಬೇಡಿ. ಹಗಲಿನಲ್ಲಿ ಒಂದು ಕಿಲೋಮೀಟರಾದರೂ ದೂರ ಇರುವ ಗೋಪುರದ ತುದಿಯನ್ನೋ ಕಂಬದ ತುದಿಯನ್ನೋ ದೊಡ್ಡ ಕೊಳವೆಯ ನಡುವೆ ತಂದು, ಆಮೇಲೆ ಫೈಂಡರಿನ ಸ್ಕ್ರೂ ತಿರುಗಿಸಿ ಅದೇ ತುದಿಯನ್ನು ಅದರ ನಡುವೆಯೂ ತನ್ನಿ. ಸೂರ್ಯ ಇರುವ ಕಡೆ ಮಾತ್ರ ಬೇಡವೇ ಬೇಡ. ಸೂರ್ಯನನ್ನೇ ನೋಡಬೇಕಿದ್ದರೆ ಸೌರ ಫಿಲ್ಟರ್ ಕೊಳವೆಯ ಮುಂಭಾಗಕ್ಕೆ ಬಿಗಿಯಾಗಿ ಕೂರಬೇಕು, ಫೈಂಡರನ್ನೂ ಮುಚ್ಚಿರಬೇಕು. ಐಪೀಸಿಗೆ ತಿರುಗಿಸುವ ಹಳೆಯ ಕಾಲದ ಸಣ್ಣ ಸೌರ ಫಿಲ್ಟರ್ ನಿಮ್ಮ ಪೆಟ್ಟಿಗೆಯಲ್ಲಿದ್ದರೆ ಎಸೆದುಬಿಡಿ. ಬಿಸಿಗೆ ಅದು ಒಡೆದರೆ ಕಣ್ಣು ಹೋಗುತ್ತದೆ.

ಫೈಂಡರ್ ಸರಿಯಿದ್ದೂ ಏನೂ ಕಾಣದಿದ್ದರೆ ಐಪೀಸ್ ನೋಡಿ. ಯಾವಾಗಲೂ 25 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚು ನಾಭಿದೂರದ ಐಪೀಸಿನಿಂದ ಹುಡುಕಲು ಶುರು ಮಾಡಿ.

"525 ಪಟ್ಟು" ಅಂತ ಪೆಟ್ಟಿಗೆ ಮೇಲೆ ಬರೆದಿದೆ, ಆದರೆ ಬರೀ ಮಬ್ಬು

ಇದು ಯಂತ್ರ ಕೆಟ್ಟಿರುವುದಲ್ಲ, ಆಯ್ಕೆಯಲ್ಲಿ ಆದ ಎಡವಟ್ಟು. ಲೆಕ್ಕ ಹೀಗಿದೆ: ಟೆಲಿಸ್ಕೋಪಿನ ನಾಭಿದೂರವನ್ನು ಐಪೀಸಿನ ನಾಭಿದೂರದಿಂದ ಭಾಗಿಸಿದರೆ ವರ್ಧನೆ. 700 ಮಿ.ಮೀ. ಕೊಳವೆಗೆ 4 ಮಿ.ಮೀ. ಐಪೀಸ್ ಹಾಕಿದರೆ 175 ಪಟ್ಟು. ಅದಕ್ಕೆ 3 ಪಟ್ಟಿನ ಬಾರ್ಲೋ ಲೆನ್ಸ್ (ವರ್ಧನೆ ಹೆಚ್ಚಿಸಲು ಐಪೀಸಿನ ಮುಂದೆ ಹಾಕುವ ಲೆನ್ಸ್) ಸೇರಿಸಿದರೆ 525. ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಕೊಳವೆಯ ಬಾಯಿ 60 ಮಿ.ಮೀ. ಇದ್ದರೆ ಅದು ತಡೆದುಕೊಳ್ಳುವುದು ಸುಮಾರು 120 ಪಟ್ಟು ಮಾತ್ರ. ಮಿಲಿಮೀಟರಿನಲ್ಲಿ ವ್ಯಾಸ ಎಷ್ಟೋ ಅದರ ಎರಡರಷ್ಟು, ಅಷ್ಟೇ ಮಿತಿ. ಅದರಾಚೆ ದೊಡ್ಡದಾಗುವುದು ಮಸುಕೇ ಹೊರತು ವಿವರ ಅಲ್ಲ. ಬಾರ್ಲೋ ತೆಗೆದಿಟ್ಟು 10 ಮಿ.ಮೀ. ಐಪೀಸ್ ಹಾಕಿ ನೋಡಿ. 70 ಪಟ್ಟಿನಲ್ಲಿ ಶನಿಯ ಬಳೆ ಚೂಪಾಗಿ ಕಾಣುತ್ತದೆ. ಆ 525ರಲ್ಲಿ ಅದು ಯಾವತ್ತೂ ಕಾಣುವುದಿಲ್ಲ.

ಹೊಸದಾಗಿ ಆಯ್ಕೆ ಮಾಡುವವರು ವರ್ಧನೆಯ ಅಂಕಿ ಬಿಟ್ಟು ಬಾಯಿಯ ವ್ಯಾಸ ಮತ್ತು ಮೌಂಟಿನ (ಕೊಳವೆಯನ್ನು ಹೊತ್ತು ತಿರುಗಿಸುವ ಸ್ಟ್ಯಾಂಡಿನ) ಗಟ್ಟಿತನ ಇವೆರಡನ್ನೇ ನೋಡಿ. ಕಣ್ಣಿನಿಂದ ನೋಡುವುದಕ್ಕೆ 150 ಅಥವಾ 200 ಮಿ.ಮೀ. ಬಾಯಿಯ, ನೆಲದ ಮೇಲೆ ಕೂರುವ ಸರಳ ಮೌಂಟಿನ ಕನ್ನಡಿ ಟೆಲಿಸ್ಕೋಪ್ ಆದ ಡಾಬ್ಸೋನಿಯನ್‌ಗೆ ಸರಿಸಮ ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ. ನೀಹಾರಿಕೆಗಳ ಫೋಟೋ ತೆಗೆಯುವುದಕ್ಕೆ ಅದೇ ಡಾಬ್ಸೋನಿಯನ್ ಸರಿಹೋಗುವುದಿಲ್ಲ. ಅಲ್ಲಿ ಸಣ್ಣ ಕೊಳವೆ, ಆಕಾಶದ ಜೊತೆ ತಿರುಗುವ ಗಟ್ಟಿ ಈಕ್ವಟೋರಿಯಲ್ ಮೌಂಟ್ ಬೇಕು.

ಫೋಕಸ್ ಸಿಗುತ್ತಲೇ ಇಲ್ಲ

ನಾಬನ್ನು ಕೊನೆಯವರೆಗೆ ತಿರುಗಿಸಿದರೂ ನಕ್ಷತ್ರ ಚುಕ್ಕೆಯಾಗುತ್ತಿಲ್ಲ ಅಂದರೆ, ಬೆಳಕಿನ ಬಿಲ್ಲೆ ಯಾವ ಕಡೆಗೆ ತಿರುಗಿಸಿದಾಗ ಸಣ್ಣದಾಗುತ್ತದೆ ಅಂತ ಗಮನಿಸಿ. ಒಳಗೆ ತಳ್ಳುತ್ತಾ ಹೋದಂತೆ ಬಿಲ್ಲೆ ಕುಗ್ಗುತ್ತಾ ಬಂದು, ಇನ್ನೇನು ಚುಕ್ಕೆಯಾಗಬೇಕು ಅನ್ನುವಾಗ ಫೋಕಸರ್ ತಡೆದು ನಿಂತರೆ, ಇನ್ನೂ ಒಳಗೆ ಹೋಗಲು ಜಾಗ ಬೇಕು ಅಂತ ಅರ್ಥ. ನ್ಯೂಟೋನಿಯನ್‌ಗೆ (ಹಿಂದೆ ದೊಡ್ಡ ಕನ್ನಡಿ, ಪಕ್ಕದಲ್ಲಿ ಐಪೀಸ್ ಇರುವ ಟೆಲಿಸ್ಕೋಪಿಗೆ) ಡಿಎಸ್ಎಲ್ಆರ್ ಕ್ಯಾಮೆರಾ ಹಾಕಿದವರಿಗೆ ಬರುವ ತೊಂದರೆ ಇದೇ. ಆ ಕ್ಯಾಮೆರಾದ ಸೆನ್ಸರ್ ಅಡಾಪ್ಟರ್ ಸೇರಿ ಸುಮಾರು 55 ಮಿ.ಮೀ. ಹಿಂದೆ ಕೂತಿರುತ್ತದೆ. ಬಾರ್ಲೋ ಲೆನ್ಸ್ ಹಾಕಿದರೆ ಫೋಕಸ್ ಹೊರಗೆ ಸರಿಯುತ್ತದೆ. ಚಂದ್ರ, ಗ್ರಹಗಳಿಗೆ ಅಷ್ಟು ಸಾಕು. ನೀಹಾರಿಕೆಗಾದರೆ ಗಿಡ್ಡ ಫೋಕಸರ್ ಹಾಕಿಸಬೇಕು, ಇಲ್ಲವೇ ಮುಖ್ಯ ಕನ್ನಡಿಯನ್ನು ಸ್ವಲ್ಪ ಮುಂದಕ್ಕೆ ತರಬೇಕು.

ಹೊರಗೆ ಎಳೆದಷ್ಟೂ ಬಿಲ್ಲೆ ಕುಗ್ಗುತ್ತಾ ಹೋಗಿ ಕೊನೆಗೆ ನಿಂತುಬಿಟ್ಟರೆ ಪರಿಹಾರ ಸುಲಭ: ಎಕ್ಸ್‌ಟೆನ್ಷನ್ ಕೊಳವೆ. ಲೆನ್ಸಿನ ಟೆಲಿಸ್ಕೋಪಿನಲ್ಲಿ ಡಯಾಗನಲ್ (ಬೆಳಕನ್ನು ಪಕ್ಕಕ್ಕೆ ತಿರುಗಿಸುವ ಕನ್ನಡಿಯ ಮೂಲೆ ಕೊಳವೆ) ಇಲ್ಲದೆ ನೇರವಾಗಿ ಐಪೀಸ್ ಹಾಕಿದರೆ ಹೀಗಾಗುತ್ತದೆ.

ಫೋಕಸ್ ಆದರೂ ಚೂಪಿಲ್ಲ: ನಕ್ಷತ್ರ ಪರೀಕ್ಷೆ

ಈ ಪರೀಕ್ಷೆಯನ್ನು ನಿಧಾನವಾಗಿ, ಸಮಯ ಕೊಟ್ಟು ಮಾಡಿ. ಆಕಾಶದಲ್ಲಿ ಎತ್ತರ ಇರುವ, ಕಣ್ಣು ಕುಕ್ಕದಷ್ಟು ಪ್ರಕಾಶದ ಒಂದು ನಕ್ಷತ್ರ ಆರಿಸಿ. ಲುಬ್ಧಕ ಬೇಡ, ಅದು ಜಾಸ್ತಿ ಹೊಳೆಯುತ್ತದೆ. ಮೌಂಟಿಗೆ ಮೋಟಾರ್ ಇಲ್ಲದಿದ್ದರೆ, ನಿಮ್ಮ ಊರಿನಲ್ಲಿ ಸಾಕಷ್ಟು ಎತ್ತರದಲ್ಲಿ ಕಾಣುವುದಾದರೆ, ಧ್ರುವ ನಕ್ಷತ್ರ ಒಳ್ಳೆಯದು, ಯಾಕಂದರೆ ಅದು ಜಾಗ ಬಿಟ್ಟು ಓಡುವುದಿಲ್ಲ. ವ್ಯಾಸ ಎಷ್ಟು ಮಿಲಿಮೀಟರೋ ಹೆಚ್ಚುಕಡಿಮೆ ಅಷ್ಟೇ ಪಟ್ಟು ವರ್ಧನೆ ಇಡಿ. ನಕ್ಷತ್ರವನ್ನು ಸರಿಯಾಗಿ ನಡುವೆ ತನ್ನಿ. ಈಗ ಫೋಕಸನ್ನು ಒಂದಿಷ್ಟೇ ಇಷ್ಟು ಒಳಗೆ ತಳ್ಳಿ. ಚುಕ್ಕೆ ಬಿಡಿಸಿಕೊಂಡು, ಒಂದರೊಳಗೊಂದು ಜೋಡಿಸಿಟ್ಟ ಬಳೆಗಳ ಹಾಗೆ ನಾಲ್ಕೈದು ಉಂಗುರಗಳು ಕಾಣುತ್ತವೆ. ನೋಡಿಕೊಂಡು, ಫೋಕಸ್ ದಾಟಿ ಹೊರಗಿನ ಕಡೆಗೂ ಅಷ್ಟೇ ಎಳೆದು ನೋಡಿ.

ಉಂಗುರಗಳು ಕುದಿಯುವ ಹಾಗೆ ನಡುಗುತ್ತಾ, ಅಡ್ಡಡ್ಡ ಹರಿಯುತ್ತಿದ್ದರೆ ಅದು ಮೇಲಿನ ಗಾಳಿ. ನಿಮ್ಮ ಕೈಯಲ್ಲಿಲ್ಲ. ಲೆಕ್ಕದ ಪ್ರಕಾರ 200 ಮಿ.ಮೀ. ಟೆಲಿಸ್ಕೋಪ್ 0.6 ಆರ್ಕ್‌ಸೆಕೆಂಡಿನಷ್ಟು (ಒಂದು ಆರ್ಕ್‌ಸೆಕೆಂಡ್ ಅಂದರೆ ಡಿಗ್ರಿಯ 3600ನೇ ಒಂದು ಭಾಗ) ಸಣ್ಣ ಅಂತರವನ್ನು ಬಿಡಿಸಿ ತೋರಿಸಬೇಕು. ಆದರೆ ಬಹಳಷ್ಟು ರಾತ್ರಿ ಗಾಳಿ ಚುಕ್ಕೆಯನ್ನು 2 ಆರ್ಕ್‌ಸೆಕೆಂಡಿಗಿಂತ ಸಣ್ಣದಾಗಲು ಬಿಡುವುದೇ ಇಲ್ಲ. ಇನ್ನೊಂದು ರಾತ್ರಿ ನೋಡಿ. ಹಗಲೆಲ್ಲ ಕಾದ ಕಾಂಕ್ರೀಟ್ ಛಾವಣಿಗಳ ಮೇಲಿಂದ ಹಾದು ನೋಡುವ ಬದಲು ಮಣ್ಣು, ಹುಲ್ಲು ಇರುವ ಕಡೆ ನಿಂತರೂ ವ್ಯತ್ಯಾಸ ಕಾಣುತ್ತದೆ.

ನಡುಕ ನಿಧಾನವಾಗಿದ್ದು, ಬಿಲ್ಲೆಯ ಒಂದು ಅಂಚಿನಿಂದ ಹೊಗೆ ಎದ್ದ ಹಾಗೆ ಒಂದೇ ದಿಕ್ಕಿಗೆ ತೇಲುತ್ತಿದ್ದರೆ, ಅದು ಕೊಳವೆಯೊಳಗಿನ ಬಿಸಿ ಗಾಳಿ. ಅದು ಹೇಗಿರುತ್ತದೆ ಅಂತ ಗುರುತು ಮಾಡಿಕೊಳ್ಳಲು ಒಂದು ಉಪಾಯ ಇದೆ. ಉಂಗುರಗಳನ್ನು ನೋಡುತ್ತಿರುವಾಗಲೇ ನಿಮ್ಮ ಅಂಗೈಯನ್ನು ಕೊಳವೆಯ ಬಾಯಿಯ ಕೆಳ ಅಂಚಿನಲ್ಲಿ ಹಿಡಿಯಿರಿ. ಕೈಯ ನೆರಳು ಕಾಣುತ್ತದೆ, ಅದರ ಬೆರಳುಗಳಿಂದ ಬಿಸಿ ಎದ್ದು ಸುರುಳಿ ಸುರುಳಿಯಾಗಿ ಬೆಳಕನ್ನು ಕದಡುವುದೂ ಕಾಣುತ್ತದೆ. ಒಮ್ಮೆ ಅದನ್ನು ನೋಡಿದರೆ ಮತ್ತೆ ಮರೆಯುವುದಿಲ್ಲ. ಮನೆಯೊಳಗಿಂದ ತಂದ 200 ಮಿ.ಮೀ. ಕನ್ನಡಿ ಹೊರಗಿನ ಗಾಳಿಯಷ್ಟು ತಣ್ಣಗಾಗಲು ಒಂದು ಗಂಟೆ ಬೇಕು, ಚಳಿ ಜಾಸ್ತಿ ಇದ್ದರೆ ಇನ್ನೂ ಹೆಚ್ಚು. ಕನ್ನಡಿಯ ಹಿಂದೆ ಸಣ್ಣ ಫ್ಯಾನ್ ಇಟ್ಟರೆ ಬೇಗ ಆರುತ್ತದೆ.

ಕನ್ನಡಿ ಟೆಲಿಸ್ಕೋಪಿನಲ್ಲಿ ಉಂಗುರಗಳ ನಡುವೆ ಕಾಣುವ ಕಪ್ಪು ವೃತ್ತ (ಸಣ್ಣ ಕನ್ನಡಿಯ ನೆರಳು) ಒಂದು ಪಕ್ಕಕ್ಕೆ ವಾಲಿದ್ದರೆ ಕೊಲಿಮೇಷನ್ ತಪ್ಪಿದೆ, ಅಂದರೆ ಕನ್ನಡಿಗಳು ಒಂದೇ ನೇರದಲ್ಲಿಲ್ಲ. ಫೋಕಸ್ ಮಾಡಿದಾಗಲೂ ಅಂಥ ನಕ್ಷತ್ರ ಒಂದೇ ಕಡೆ ಬಾಲ ಬಿಟ್ಟಿರುತ್ತದೆ. ಇಲ್ಲಿ ನಕ್ಷತ್ರ ನೋಟದ ನಡುವೆಯೇ ಇರಬೇಕು. ಎಫ್/5ರಂಥ (ನಾಭಿದೂರ ವ್ಯಾಸದ ಐದು ಪಟ್ಟು ಮಾತ್ರ ಇರುವ) ಗಿಡ್ಡ ನ್ಯೂಟೋನಿಯನ್‌ನಲ್ಲಿ ಅಂಚಿನ ನಕ್ಷತ್ರಕ್ಕೆ ಬಾಲ ಇರುವುದು ಸಹಜ, ಅದನ್ನು ನೋಡಿ ಸ್ಕ್ರೂ ಮುಟ್ಟಬೇಡಿ. ತಪ್ಪು ಖಚಿತವಾದರೆ ನ್ಯೂಟೋನಿಯನ್‌ನಲ್ಲಿ ಮುಖ್ಯ ಕನ್ನಡಿಯ ಹಿಂದಿನ ಸ್ಕ್ರೂ, ಶ್ಮಿಟ್ ಕ್ಯಾಸೆಗ್ರೇನ್‌ನಲ್ಲಿ (ಮುಂದೆ ಗಾಜು, ಹಿಂದೆ ಐಪೀಸ್ ಇರುವ ಗಿಡ್ಡ ಕೊಳವೆಯಲ್ಲಿ) ಮುಂದಿನ ಸಣ್ಣ ಕನ್ನಡಿಯ ಮೂರು ಸ್ಕ್ರೂಗಳಲ್ಲಿ ಒಂದನ್ನು ಎಂಟನೇ ಒಂದು ಸುತ್ತು ತಿರುಗಿಸಿ. ನಕ್ಷತ್ರ ಪಕ್ಕಕ್ಕೆ ಜಾರುತ್ತದೆ. ಮೌಂಟ್ ಸರಿಸಿ ಅದನ್ನು ಮತ್ತೆ ನಡುವೆ ತಂದು ನೋಡಿ. ವೃತ್ತ ಇನ್ನಷ್ಟು ವಾಲಿದ್ದರೆ ಅದೇ ಸ್ಕ್ರೂವನ್ನು ಹಿಂದಕ್ಕೆ ತಿರುಗಿಸಿ. ಮೂರೂ ಸ್ಕ್ರೂಗಳನ್ನು ಒಟ್ಟಿಗೆ ಸಡಿಲ ಮಾಡಬೇಡಿ, ಸಣ್ಣ ಕನ್ನಡಿ ಕಳಚಿ ಬೀಳುವ ಅಪಾಯ ಇದೆ.

ಉಂಗುರಗಳು ಮೊಟ್ಟೆಯಾಕಾರದಲ್ಲಿದ್ದು, ಫೋಕಸಿನ ಇನ್ನೊಂದು ಬದಿಗೆ ಹೋದಾಗ ಆ ಮೊಟ್ಟೆ 90 ಡಿಗ್ರಿ ತಿರುಗಿಕೊಂಡರೆ ಅದು ಅಸ್ಟಿಗ್ಮ್ಯಾಟಿಸಮ್, ಅಂದರೆ ಎರಡು ದಿಕ್ಕಿನ ಬೆಳಕು ಒಂದೇ ಕಡೆ ಫೋಕಸ್ ಆಗದಿರುವುದು. ಯಾರದ್ದು ಅನ್ನುವುದು ಈಗಿನ ಪ್ರಶ್ನೆ. ಐಪೀಸನ್ನು ಅದರ ಜಾಗದಲ್ಲೇ ತಿರುಗಿಸಿ. ಮೊಟ್ಟೆಯೂ ಜೊತೆಗೆ ತಿರುಗಿದರೆ ತಪ್ಪು ಐಪೀಸಿನದು. ತಿರುಗದಿದ್ದರೆ ನಿಮ್ಮ ತಲೆಯನ್ನು ವಾಲಿಸಿ. ತಲೆಯ ಜೊತೆ ತಿರುಗಿದರೆ ಅದು ನಿಮ್ಮ ಕಣ್ಣಿನದು, ಕನ್ನಡಕ ಹಾಕಿಕೊಂಡು ನೋಡಿ. ಎರಡಕ್ಕೂ ಜಗ್ಗದೆ ಇದ್ದಲ್ಲೇ ಇದ್ದರೆ ಮಾತ್ರ ಟೆಲಿಸ್ಕೋಪಿನ ಮೇಲೆ ಅನುಮಾನ ಪಡಿ. ಆಗಲೂ ಮೊದಲ ಅನುಮಾನ ಗಾಜಿನ ಮೇಲೆ ಬೇಡ, ಅದನ್ನು ಹಿಡಿದಿರುವ ಕ್ಲಿಪ್ಪುಗಳ ಮೇಲೆ ಇರಲಿ. ನಕ್ಷತ್ರ ಮೂರು ಮೂಲೆಯಾಗಿ ಕಂಡರಂತೂ ಇದು ಹೆಚ್ಚುಕಡಿಮೆ ಖಚಿತ. ಮೂರು ಕ್ಲಿಪ್ಪುಗಳು ಕನ್ನಡಿಯನ್ನು ಹಿಸುಕುತ್ತಿವೆ. ಕ್ಲಿಪ್ಪಿಗೂ ಕನ್ನಡಿಗೂ ನಡುವೆ ಒಂದು ಕಾಗದ ತೂರುವಷ್ಟು ಸಂದು ಇರಬೇಕು.

ಒಂದು ಬದಿಯಲ್ಲಿ ಉಂಗುರಗಳು ಗೆರೆ ಎಳೆದ ಹಾಗೆ ಸ್ಪಷ್ಟ, ಇನ್ನೊಂದು ಬದಿಯಲ್ಲಿ ಕಲಸಿಹೋಗಿವೆ ಅಂದರೆ ಗೋಳೀಯ ದೋಷ (ಅಂಚಿನ ಬೆಳಕು ಮತ್ತು ನಡುವಿನ ಬೆಳಕು ಒಂದೇ ಕಡೆ ಸೇರದಿರುವುದು), ಹಬಲ್‌ಗೆ ಇದ್ದದ್ದು ಇದೇ. ಆದರೆ ಕನ್ನಡಿ ಇನ್ನೂ ತಣ್ಣಗಾಗದಿದ್ದಾಗಲೂ ಹೀಗೇ ಕಾಣುತ್ತದೆ. ಎರಡು ಗಂಟೆ ಬಿಟ್ಟು ಮತ್ತೆ ನೋಡದೆ ತೀರ್ಮಾನ ಮಾಡಬೇಡಿ.

ಎಲ್ಲ ನಕ್ಷತ್ರಗಳ ಸುತ್ತಲೂ ಮಂಕು ಪ್ರಭೆ, ನೋಡನೋಡುತ್ತಲೇ ಚಿತ್ರ ಮಂಕಾಗುತ್ತಾ ಹೋಗುತ್ತಿದೆ ಅಂದರೆ ಇಬ್ಬನಿ. ಗಾಜು ತನ್ನ ಬಿಸಿಯನ್ನು ತೆರೆದ ಆಕಾಶಕ್ಕೆ ಬಿಟ್ಟು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ, ಆಗ ತೇವ ಅದರ ಮೇಲೆ ಕೂರುತ್ತದೆ. ಬಟ್ಟೆಯಿಂದ ಒರೆಸಬೇಡಿ, ಲೇಪನ ಗೀರಿಹೋಗುತ್ತದೆ. ಹೇರ್ ಡ್ರೈಯರಿನ ಸಣ್ಣ ಬಿಸಿ ಗಾಳಿ ಸಾಕು. ಕೊಳವೆಯ ಮುಂದೆ ವ್ಯಾಸದ ಒಂದೂವರೆ ಪಟ್ಟು ಉದ್ದದ ಕೊಳವೆಯಾಕಾರದ ಕವಚ ಹಾಕಿದರೆ ಇಬ್ಬನಿ ಬರುವುದೇ ತಡವಾಗುತ್ತದೆ.

ಮುಟ್ಟಿದರೆ ಸಾಕು, ಎಲ್ಲ ಕುಣಿಯುತ್ತದೆ

ಕೊಳವೆಯನ್ನು ಬೆರಳಿನಿಂದ ಸಣ್ಣಗೆ ತಟ್ಟಿ, ನಕ್ಷತ್ರದ ಕುಣಿತ ನಿಲ್ಲಲು ಎಷ್ಟು ಸೆಕೆಂಡ್ ಬೇಕು ಅಂತ ಎಣಿಸಿ. ಎರಡು ಮೂರು ಸೆಕೆಂಡಿಗೆ ನಿಂತರೆ ಸರಿ ಇದೆ. ಇನ್ನೂ ಜಾಸ್ತಿ ಆದರೆ ಟ್ರೈಪಾಡಿನ ಕಾಲುಗಳನ್ನು ಪೂರ್ತಿ ಒಳಗೆ ಸೇರಿಸಿ, ನಡುವಿನ ತಟ್ಟೆ ಬಿಗಿ ಮಾಡಿ, ಭಾರವಾದ ಚೀಲ ಒಂದನ್ನು ನೇತುಹಾಕಿ. ಫೋಟೋ ತೆಗೆಯುವುದಾದರೆ ಮೌಂಟ್ ಹೊರುತ್ತದೆ ಅಂತ ಬರೆದಿರುವ ತೂಕದ ಅರ್ಧದಷ್ಟನ್ನೇ ಹೊರಿಸಿ.

ಗೋ-ಟು ಮೌಂಟ್ (ತಾನೇ ಗುರಿ ಹುಡುಕುವ ಮೌಂಟ್) ಬೇರೆಲ್ಲೋ ತೋರಿಸುತ್ತದೆ

ಮೋಟಾರು ಬಿಚ್ಚುವ ಮೊದಲು ಪರದೆಯ ಮೇಲಿನ ಅಂಕಿಗಳನ್ನು ಓದಿ. ತಿಂಗಳು ಮೊದಲಾ, ದಿನ ಮೊದಲಾ? ಸಮಯ ವಲಯ ಸರಿಯಿದೆಯಾ? ಅಕ್ಷಾಂಶ ರೇಖಾಂಶ ಅದಲುಬದಲಾಗಿದೆಯಾ? ಒಂದು ಗಂಟೆ ತಪ್ಪಿದರೆ ಆಕಾಶದಲ್ಲಿ 15 ಡಿಗ್ರಿ ತಪ್ಪುತ್ತದೆ. ಇವೆಲ್ಲ ಸರಿಯಿದ್ದೂ ನಡುನಡುವೆ ದಾರಿ ತಪ್ಪುತ್ತಿದ್ದರೆ ಬ್ಯಾಟರಿ ನೋಡಿ. ಮೋಟಾರ್ ಜೋರಾಗಿ ಓಡುವಾಗ ವೋಲ್ಟೇಜ್ ಕುಸಿದು ಕಂಟ್ರೋಲರ್ ಎಲ್ಲ ಮರೆತುಬಿಡುತ್ತದೆ.

ಫೋಟೋದಲ್ಲಿ ನಕ್ಷತ್ರ ಗೆರೆಯಾಗುತ್ತಿದೆ

ಆಕಾಶ ಸೆಕೆಂಡಿಗೆ ಸುಮಾರು 15 ಆರ್ಕ್‌ಸೆಕೆಂಡ್ ಸರಿಯುತ್ತದೆ. ನಿಮ್ಮ ಕ್ಯಾಮೆರಾದ ಒಂದು ಪಿಕ್ಸೆಲ್ ಎಷ್ಟು ಆಕಾಶ ನೋಡುತ್ತದೆ ಅಂತ ತಿಳಿಯಲು, ಮೈಕ್ರಾನ್ ಲೆಕ್ಕದ ಪಿಕ್ಸೆಲ್ ಗಾತ್ರವನ್ನು 206ರಿಂದ ಗುಣಿಸಿ, ನಾಭಿದೂರದ ಮಿಲಿಮೀಟರಿನಿಂದ ಭಾಗಿಸಿ. 3.76 ಮೈಕ್ರಾನ್ ಪಿಕ್ಸೆಲ್, 750 ಮಿ.ಮೀ. ನಾಭಿದೂರ ಆದರೆ ಒಂದು ಪಿಕ್ಸೆಲಿಗೆ ಒಂದು ಆರ್ಕ್‌ಸೆಕೆಂಡ್. ಅಂದರೆ ಮೋಟಾರ್ ನಿಂತಿದ್ದರೆ ಒಂದೇ ಸೆಕೆಂಡಿನಲ್ಲಿ ನಕ್ಷತ್ರ 15 ಪಿಕ್ಸೆಲ್ ಎಳೆದುಕೊಳ್ಳುತ್ತದೆ. ಬರೀ ಟ್ರೈಪಾಡ್ ಮೇಲೆ ಅಗಲ ಲೆನ್ಸ್ ಇಟ್ಟು ತೆಗೆಯುವವರು ಎಷ್ಟು ಸೆಕೆಂಡ್ ತೆಗೆಯಬಹುದು ಅಂತ ತಿಳಿಯಲು 500ನ್ನು ನಾಭಿದೂರದಿಂದ ಭಾಗಿಸುವ ಹಳೆಯ ನಿಯಮ ಕೇಳಿರುತ್ತೀರಿ. ಇವತ್ತಿನ ಸಣ್ಣ ಪಿಕ್ಸೆಲ್‌ಗಳಿಗೆ ಅದು ತೀರಾ ಸಡಿಲ. 300 ಹಿಡಿಯುವುದು ಒಳ್ಳೆಯದು.

ಮೋಟಾರ್ ಓಡುತ್ತಿದ್ದೂ ಗೆರೆ ಬಂದರೆ ಚಿತ್ರದ ನಾಲ್ಕೂ ಮೂಲೆ ಮತ್ತು ನಡುವನ್ನು ದೊಡ್ಡದು ಮಾಡಿ ನೋಡಿ. ಎಲ್ಲ ಕಡೆಯೂ ಒಂದೇ ದಿಕ್ಕಿಗೆ ಉದ್ದವಾಗಿದ್ದರೆ ತಪ್ಪು ಮೌಂಟಿನದು. ಆ ದಿಕ್ಕು ಯಾವುದು ಅಂತ ತಿಳಿಯಬೇಕು. ಕ್ಯಾಮೆರಾ ತಿರುಗಿಸದೆ, ಮೋಟಾರ್ ನಿಲ್ಲಿಸಿ ಹತ್ತು ಸೆಕೆಂಡಿನ ಒಂದು ಚಿತ್ರ ತೆಗೆಯಿರಿ. ಅದರಲ್ಲಿ ಬಿದ್ದ ಉದ್ದ ಗೆರೆ ಪೂರ್ವ ಪಶ್ಚಿಮದ ದಿಕ್ಕು. ನಿಮ್ಮ ತೊಂದರೆಯ ಗೆರೆ ಇದಕ್ಕೆ ಸಮಾನಾಂತರವಾಗಿದ್ದರೆ ಗೇರಿನ ಏರಿಳಿತ ಅಥವಾ ತೂಕದ ಸಮತೋಲನ ಕಾರಣ. ಗೇರಿನ ತಪ್ಪು ಕೆಲವು ನಿಮಿಷಕ್ಕೊಮ್ಮೆ ಮರುಕಳಿಸುತ್ತದೆ, ಆದ್ದರಿಂದ ಸಾಲಾಗಿ ತೆಗೆದ ಚಿತ್ರಗಳಲ್ಲಿ ಕೆಲವು ಚೆನ್ನಾಗಿ, ಕೆಲವು ಕೆಟ್ಟದಾಗಿ ಬರುತ್ತವೆ. ಸಮತೋಲನವನ್ನು ಪೂರ್ವದ ಕಡೆಗೆ ಒಂಚೂರು ಭಾರ ಬಿಟ್ಟು ಇಟ್ಟರೆ ಹಲ್ಲುಗಳು ಒಂದೇ ಬದಿಗೆ ಒತ್ತಿಕೊಂಡಿರುತ್ತವೆ.

ಗೆರೆ ಅಡ್ಡಕ್ಕೆ, ಅಂದರೆ ಉತ್ತರ ದಕ್ಷಿಣಕ್ಕೆ ಬಿದ್ದು, ಪ್ರತಿ ಚಿತ್ರದಲ್ಲೂ ಒಂದೇ ಸಮ ಇದ್ದರೆ ಧ್ರುವ ಜೋಡಣೆ, ಅಂದರೆ ಮೌಂಟಿನ ಅಕ್ಷವನ್ನು ಆಕಾಶದ ಧ್ರುವಕ್ಕೆ ಗುರಿ ಇಡುವುದು, ತಪ್ಪಿದೆ. ಧ್ರುವ ನಕ್ಷತ್ರವನ್ನು ನಡುವೆ ಇಟ್ಟರೆ ಮುಗಿಯಿತು ಅಂದುಕೊಳ್ಳುವವರು ತುಂಬಾ ಜನ. ಅದು ನಿಜವಾದ ಧ್ರುವದಿಂದ ಅರ್ಧ ಡಿಗ್ರಿಗಿಂತ ಜಾಸ್ತಿ ದೂರ ಇದೆ. ಧ್ರುವ ದರ್ಶಕದ (ಮೌಂಟಿನ ಅಕ್ಷದಲ್ಲಿರುವ ಸಣ್ಣ ಟೆಲಿಸ್ಕೋಪಿನ) ಸಣ್ಣ ವೃತ್ತದ ಮೇಲೆ, ಆ ಹೊತ್ತಿಗೆ ಎಲ್ಲಿರಬೇಕೋ ಅಲ್ಲಿ ಅದನ್ನು ಕೂರಿಸಬೇಕು.

ನಕ್ಷತ್ರಗಳು ಒಂದು ಬಿಂದುವಿನ ಸುತ್ತ ತಿರುಗಿದ ಹಾಗೆ ಬಾಗಿದ್ದರೆ ನೋಟವೇ ತಿರುಗುತ್ತಿದೆ. ಮೇಲೆ ಕೆಳಗೆ, ಅಕ್ಕಪಕ್ಕ ಮಾತ್ರ ತಿರುಗುವ ಆಲ್ಟ್ ಅಜಿಮತ್ ಮೌಂಟಿನಲ್ಲಿ ಇದು ತಪ್ಪಿದ್ದಲ್ಲ, ಚಿತ್ರದ ಸಮಯ ಕಡಿಮೆ ಮಾಡಿ. ಗೈಡಿಂಗ್ (ಇನ್ನೊಂದು ಸಣ್ಣ ಕೊಳವೆಯಿಂದ ನಕ್ಷತ್ರವನ್ನು ಹಿಂಬಾಲಿಸಿ ಮೌಂಟನ್ನು ತಿದ್ದುವುದು) ಮಾಡುವಾಗ ಗ್ರಾಫ್ ಚೆನ್ನಾಗಿದ್ದೂ ನಕ್ಷತ್ರ ಉದ್ದವಾಗುತ್ತಿದ್ದರೆ, ಗೈಡ್ ಕೊಳವೆಯೋ ಕ್ಯಾಮೆರಾವೋ ತನ್ನ ಭಾರಕ್ಕೆ ಬಾಗುತ್ತಿದೆ. ಅವುಗಳನ್ನು ಹಿಡಿದಿರುವ ಸ್ಕ್ರೂಗಳನ್ನೆಲ್ಲ ಬಿಗಿ ಮಾಡಿ, ನೇತಾಡುವ ಕೇಬಲ್‌ಗಳನ್ನು ಕಟ್ಟಿ.

ನಡುವೆ ಚೆನ್ನಾಗಿದ್ದು ನಾಲ್ಕೂ ಮೂಲೆಯಲ್ಲಿ ಎಳೆದಂತಿದ್ದರೆ ಮೌಂಟನ್ನು ಬಿಟ್ಟುಬಿಡಿ. ಫ್ಲಾಟ್‌ನರಿನಿಂದ (ಮೂಲೆಗಳನ್ನೂ ಚೂಪಾಗಿಸಲು ಕ್ಯಾಮೆರಾದ ಮುಂದೆ ಹಾಕುವ ಲೆನ್ಸಿನಿಂದ) ಸೆನ್ಸರಿಗೆ ಇರಬೇಕಾದ ದೂರ ತಪ್ಪಿದೆ, ಸಾಮಾನ್ಯವಾಗಿ ಅದು 55 ಮಿ.ಮೀ. ಒಂದೇ ಮೂಲೆ ಕೆಟ್ಟಿದ್ದರೆ ಕ್ಯಾಮೆರಾ ಓರೆಯಾಗಿ ಕೂತಿದೆ. ಎಲ್ಲ ಕಡೆಯೂ ನಕ್ಷತ್ರ ದುಂಡಗಿದ್ದು ಬರೀ ದಪ್ಪ ಕಂಡರೆ ಫೋಕಸ್ ತಪ್ಪಿದೆ. 2005ರಲ್ಲಿ ಪಾವೆಲ್ ಬಾಹ್ಟಿನೋವ್ ರೂಪಿಸಿದ ಸೀಳುಗಳ ಮುಖವಾಡವನ್ನು ಕೊಳವೆಯ ಬಾಯಿಗೆ ಹಾಕಿ. ನಕ್ಷತ್ರದಿಂದ ಮೂರು ಗೆರೆ ಹೊರಡುತ್ತವೆ, ನಡುವಿನ ಗೆರೆ ಉಳಿದೆರಡು ಸೇರುವಲ್ಲೇ ಹಾದುಹೋದರೆ ಫೋಕಸ್ ಸರಿ. ರಾತ್ರಿ ತಣ್ಣಗಾದಂತೆ ಕೊಳವೆ ಕುಗ್ಗುತ್ತದೆ, ಹಾಗಾಗಿ ಗಂಟೆಗೊಮ್ಮೆ ಮತ್ತೆ ನೋಡಿ.

ಚಿತ್ರದ ತುಂಬ ಬೂದು ಉಂಗುರಗಳು

ಇವು ಧೂಳಿನ ನೆರಳು. ಧೂಳು ಎಲ್ಲಿದೆ ಅಂತ ಉಂಗುರವೇ ಹೇಳುತ್ತದೆ. ಉಂಗುರದ ಅಗಲವನ್ನು ಪಿಕ್ಸೆಲ್‌ನಲ್ಲಿ ಎಣಿಸಿ, ಪಿಕ್ಸೆಲ್ ಗಾತ್ರದಿಂದ ಗುಣಿಸಿ, ಎಫ್ ಸಂಖ್ಯೆಯಿಂದ ಗುಣಿಸಿ. 100 ಪಿಕ್ಸೆಲ್, 3.76 ಮೈಕ್ರಾನ್, ಎಫ್/5 ಆದರೆ ಧೂಳು ಸೆನ್ಸರಿನಿಂದ ಹೆಚ್ಚುಕಡಿಮೆ 1.9 ಮಿ.ಮೀ. ದೂರದಲ್ಲಿದೆ, ಅಂದರೆ ಸೆನ್ಸರಿನ ಹತ್ತಿರದ ಗಾಜಿನ ಮೇಲೆ. ಮುಂದಿನ ದೊಡ್ಡ ಲೆನ್ಸನ್ನು ಸುಮ್ನೆ ಉಜ್ಜಿ ಪ್ರಯೋಜನ ಇಲ್ಲ, ಅಲ್ಲಿನ ಧೂಳು ಉಂಗುರ ಮಾಡುವುದಿಲ್ಲ. ಕ್ಯಾಮೆರಾ ಬಿಚ್ಚದೆ, ಫೋಕಸ್ ಬದಲಿಸದೆ ತೆಗೆದ ಫ್ಲಾಟ್ ಚಿತ್ರಗಳು, ಅಂದರೆ ಒಂದೇ ಸಮ ಬೆಳಕಿನ ಹಿನ್ನೆಲೆಯ ಚಿತ್ರಗಳು, ಈ ನೆರಳನ್ನು ಅಳಿಸುತ್ತವೆ.

ದೋಷ ಅಲ್ಲದ ಬಣ್ಣಗಳು

ಗಿಡ್ಡ ಅಕ್ರೋಮ್ಯಾಟ್ (ಎರಡು ಗಾಜು ಜೋಡಿಸಿದ ಸಾಮಾನ್ಯ) ಲೆನ್ಸಿನಲ್ಲಿ ಚಂದ್ರನ ಅಂಚಿಗೆ ನೇರಳೆ ಬಣ್ಣ ಬರುವುದು ಆ ಲೆನ್ಸಿನ ಸ್ವಭಾವ. ದಿಗಂತದ ಹತ್ತಿರದ ಗ್ರಹದ ಒಂದು ಅಂಚು ಕೆಂಪು, ಎದುರಿನ ಅಂಚು ನೀಲಿ ಕಂಡರೆ ಅದು ವಾತಾವರಣ ಬೆಳಕನ್ನು ಒಡೆಯುತ್ತಿರುವುದು, ಗ್ರಹ ಮೇಲೇರಿದಂತೆ ಕಡಿಮೆಯಾಗುತ್ತದೆ. ನೀಹಾರಿಕೆ ಕಣ್ಣಿಗೆ ಬಣ್ಣವಿಲ್ಲದೆ ಬೂದಾಗಿ ಕಾಣುವುದಕ್ಕೆ ಕಾರಣ, ಅಷ್ಟು ಮಂದ ಬೆಳಕಿನಲ್ಲಿ ನಮ್ಮ ಕಣ್ಣು ಬಣ್ಣ ಗುರುತಿಸುವುದಿಲ್ಲ.

ಗಾಜೇ ಕೆಟ್ಟಿದೆ ಅನ್ನಿಸಿದರೆ

ಕೊಳವೆ ಪೂರ್ತಿ ತಣ್ಣಗಾಗಿ, ಕೊಲಿಮೇಷನ್ ಸರಿಯಾಗಿ, ಕ್ಲಿಪ್ಪು ಸಡಿಲವಾಗಿ, ಬೇರೆ ಐಪೀಸಿನಲ್ಲೂ ಬೇರೆಯವರ ಕಣ್ಣಿಗೂ ಅದೇ ಆಕಾರ ಕಂಡರೆ, ಬೇರೆ ಬೇರೆ ರಾತ್ರಿಗಳಲ್ಲೂ ಅದು ಬದಲಾಗದಿದ್ದರೆ, ಮಾರಿದವರಿಗೆ ಬರೆಯಿರಿ. "ಚಿತ್ರ ಚೆನ್ನಾಗಿಲ್ಲ" ಅಂದರೆ ಯಾರೂ ಗಮನ ಕೊಡುವುದಿಲ್ಲ. ನೋಟದ ನಡುವೆ ಇಟ್ಟ ಒಂದೇ ನಕ್ಷತ್ರದ ಮೂರು ಚಿತ್ರ ಕಳಿಸಿ: ಫೋಕಸಿನ ಒಳಗೆ, ಫೋಕಸಿನಲ್ಲಿ, ಹೊರಗೆ. ಒಳಗಿನ ಮತ್ತು ಹೊರಗಿನ ಬಿಲ್ಲೆಗಳು ಒಂದೇ ಗಾತ್ರದಲ್ಲಿರಲಿ. ಆಮೇಲೆ ಕೊಳವೆಯನ್ನು ಅದರ ಅಕ್ಷದ ಮೇಲೆ 90 ಡಿಗ್ರಿ ತಿರುಗಿಸಿ, ಕ್ಯಾಮೆರಾ ಫೋಕಸರಿನಲ್ಲಿ ಮೊದಲಿನ ಹಾಗೇ ಇರುವಂತೆ, ಮತ್ತೆ ಅದೇ ಮೂರು ಚಿತ್ರ ತೆಗೆಯಿರಿ. ಚಿತ್ರದ ಚೌಕಟ್ಟಿನಲ್ಲಿ ದೋಷದ ದಿಕ್ಕು ಬದಲಾಗದಿದ್ದರೆ ಅದು ಕೊಳವೆಯೊಳಗಿನದ್ದು. ಬದಲಾದರೆ ಕನ್ನಡಿ ತನ್ನ ಭಾರಕ್ಕೆ ಜಗ್ಗುತ್ತಿದೆಯಾ, ಕೊಳವೆಯೊಳಗೆ ಇನ್ನೂ ಬಿಸಿ ಗಾಳಿ ಉಳಿದಿದೆಯಾ ಅಂತ ಮತ್ತೊಮ್ಮೆ ನೋಡಿ, ಆಮೇಲೆ ಕಳಿಸಿ.